ಲಿನಕ್ಸ್ ಹಾಕಿ ಅಂದಿರಿ, ಪರದೆ ಕಪ್ಪಾದರೆ ಏನು ಮಾಡೋದು ಅಂತ ಹೇಳಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ, ಹಳೇ ಕಂಪ್ಯೂಟರ್ ಗುಜರಿಗೆ ಹಾಕಬೇಡಿ, ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಹಾಕಿಕೊಳ್ಳಿ ಅಂತ ಅರ್ಧ ಪುಟದ ಬರಹ ಬಂದಿತ್ತು. ಓದಿ ಖುಷಿಯಾಯಿತು. ದುಡ್ಡು ಕೊಡಬೇಕಿಲ್ಲ, ವೈರಸ್ ಕಾಟ ಕಡಿಮೆ, ಅರ್ಧ ಗಂಟೆಯಲ್ಲಿ ಇನ್‌ಸ್ಟಾಲ್ ಆಗುತ್ತೆ ಅಂತೆಲ್ಲ ಬರೆದಿದ್ದೀರಿ, ಎಲ್ಲ ನಿಜ. ಆದರೆ ಬರಹ ಅಲ್ಲಿಗೇ ನಿಂತುಬಿಟ್ಟಿತು. ಇನ್‌ಸ್ಟಾಲ್ ಮುಗಿಸಿ ರೀಸ್ಟಾರ್ಟ್ ಒತ್ತಿದ ಮೇಲೆ ಪರದೆ ಕಪ್ಪಗೆ ಕೂತರೆ ಏನು ಮಾಡಬೇಕು ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ಜನ ಲಿನಕ್ಸ್ ಬಿಟ್ಟು ಓಡುವುದು ಅಲ್ಲೇ, ಸ್ವಾಮಿ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತೆ, ಕತ್ತರಿ ಹಾಕುವುದಾದರೆ ದಯವಿಟ್ಟು ಕೇಬಲ್ ವಿಷಯ ಮಾತ್ರ ಉಳಿಸಿ.

ನಾನು ಮಂಡ್ಯದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ತಿಥಿ ಕಾರ್ಡು, ಜೊತೆಗೆ ಜೆರಾಕ್ಸು, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ. ಮೂರು ಕಂಪ್ಯೂಟರ್ ಇವೆ, ಮೂರೂ ಹತ್ತು ಹನ್ನೆರಡು ವರ್ಷ ಹಳೆಯವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತಲ್ಲ, ಸರಿ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮದು 3ನೇ ತಲೆಮಾರು. ಹೊಸದು ಮೂರು ತಗೊಳ್ಳೋಕೆ ಎಷ್ಟು ಲಗ್ನಪತ್ರಿಕೆ ಅಚ್ಚು ಹಾಕಬೇಕು ಅಂತ ಲೆಕ್ಕ ಹಾಕಿ, ಲೆಕ್ಕ ಅರ್ಧಕ್ಕೇ ಬಿಟ್ಟು, ಲಿನಕ್ಸಿನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಪೆನ್‌ಡ್ರೈವ್‌ಗೆ ಇಳಿಸಿಕೊಂಡೆ.

ಮೊದಲ ಕಂಪ್ಯೂಟರಿನಲ್ಲೇ ಎಡವಟ್ಟು. ಪೆನ್‌ಡ್ರೈವ್‌ನಿಂದ ಮಾಮೂಲಾಗಿ ಶುರು ಮಾಡಿದರೆ ನಿಂತುಬಿಡುತ್ತಿತ್ತು. ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಅಂತ ಇನ್ನೊಂದು ಸಾಲಿತ್ತು, ಅದನ್ನು ಆರಿಸಿದೆ, ಚೆನ್ನಾಗಿ ಇನ್‌ಸ್ಟಾಲ್ ಆಯಿತು. ರೀಸ್ಟಾರ್ಟ್ ಕೊಟ್ಟೆ. ಲೋಗೋ ಬಂತು, ಹೋಯಿತು, ಆಮೇಲೆ ಅಮಾವಾಸ್ಯೆ. ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ, ಪರದೆಯಲ್ಲಿ ಮಾತ್ರ ಏನೂ ಇಲ್ಲ. ಪಕ್ಕದ ಟೀ ಅಂಗಡಿಯವರು ಇಣುಕಿ ನೋಡಿ, "ಏನಣ್ಣೋ, ಕಣ್ಣು ಮುಚ್ಕೊಂಡ್ಬುಡ್ತಾ?" ಅಂದರು.

ರಿಪೇರಿ ಮಾಡುವ ಒಬ್ಬರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಸ್ವಿಚ್ಚೂ ಹಾಕಲಿಲ್ಲ. "ಲಿನಕ್ಸಾ? ಅದು ಹಂಗೇ ಸಾರ್. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕ್ತೀನಿ, ಐನೂರು ಕೊಡಿ" ಅಂದರು. ಲೈಸೆನ್ಸ್ ಎಲ್ಲಿದೆ ಅಂತ ಕೇಳಿದೆ. ನಕ್ಕರು, ಅಷ್ಟೇ. ವಾಪಸ್ ಹೊತ್ತುಕೊಂಡು ಬಂದೆ.

ಅಕ್ಕನ ಮಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದು, "ಮಾವ, ಕಂಟ್ರೋಲ್, ಆಲ್ಟ್, ಎಫ್3 ಮೂರೂ ಒಟ್ಟಿಗೆ ಒತ್ತಿದ್ಯಾ?" ಒತ್ತಿದರೂ ಏನೂ ಬರಲಿಲ್ಲ. ಬಂದಿದ್ದರೆ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದಲ್ಲಿ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತಂತೆ. ಹಾಗೆ ಕೇಳಿದರೆ ಒಳಗೆ ಯಂತ್ರ ಸರಿಯಾಗೇ ನಡೆಯುತ್ತಿದೆ, ಗ್ರಾಫಿಕ್ಸ್ ಕಾರ್ಡ್ ಚಿತ್ರ ಕಳಿಸುತ್ತಿದೆ, ಮೌಸು ಕಿಟಕಿ ತೋರಿಸುವ ಮೇಲಿನ ಭಾಗ ಮಾತ್ರ ಎದ್ದಿಲ್ಲ ಅಂತ ಅರ್ಥ. ಅದೂ ಬರದಿದ್ದರೆ ಕೆಳಗೆ, ಅಂದರೆ ಗ್ರಾಫಿಕ್ಸ್ ಡ್ರೈವರ್ ಮಟ್ಟದಲ್ಲೇ ಏನೋ ಸಿಕ್ಕಿಕೊಂಡಿದೆ.

ಇದು ನನಗೆ ಚೆನ್ನಾಗಿ ಅರ್ಥವಾಯಿತು, ಯಾಕೆಂದರೆ ನಾವು ನಾಲೆ ಬಯಲಿನವರು. ವಿ.ಸಿ. ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಬರಲಿಲ್ಲ ಅಂದರೆ ಯಾರೂ ಗದ್ದೆ ಮಾರೋದಿಲ್ಲ. ಕಟ್ಟೆಯಲ್ಲಿ ನೀರು ಬಿಟ್ಟಿದ್ದಾರಾ, ಉಪನಾಲೆಗೆ ತಿರುಗಿದೆಯಾ, ಯಾವ ತೂಬು ಮುಚ್ಚಿದೆ, ಎಲ್ಲಿ ಹೂಳು ತುಂಬಿದೆ ಅಂತ ಏರಿ ಮೇಲೆ ನಡೆದುಕೊಂಡು ಹೋಗಿ ನೋಡ್ತಾರೆ. ಪರದೆಯ ಚಿತ್ರವೂ ಅಷ್ಟೇ. ಗ್ರಾಫಿಕ್ಸ್ ಕಾರ್ಡು, ಅದನ್ನು ನಡೆಸುವ ಡ್ರೈವರು, ಅದರ ಮೇಲೆ ಕಿಟಕಿಗಳನ್ನು ಬಿಡಿಸುವ ವ್ಯವಸ್ಥೆ, ಕೊನೆಗೆ ಕೇಬಲ್ಲು, ಮಾನಿಟರ್ರು. ಯಾವುದೋ ಒಂದು ತೂಬು ಮುಚ್ಚಿರುತ್ತೆ. ಮೂರು ಕೀ ಒತ್ತುವುದು ಅಂದರೆ ನಡು ನಾಲೆಯಲ್ಲಿ ನಿಂತು, ಇಲ್ಲಿವರೆಗೆ ನೀರು ಬಂದಿದೆಯಾ ಅಂತ ನೋಡಿದ ಹಾಗೆ.

ನಮ್ಮಲ್ಲಿ ಮುಚ್ಚಿದ್ದು ಡ್ರೈವರ್ ತೂಬು. ಅದನ್ನು ದಾಟೋಕೆ ಒಂದು ಕಳ್ಳದಾರಿ ಇದೆ. ಕಂಪ್ಯೂಟರ್ ಆನ್ ಆದ ತಕ್ಷಣ ಹಳೇ ಯಂತ್ರಗಳಲ್ಲಿ ಶಿಫ್ಟ್ ಕೀ ಒತ್ತಿ ಹಿಡಿಯಬೇಕು, ಹೊಸವುಗಳಲ್ಲಿ ಎಸ್ಕೇಪ್ ಒಂದು ಸಲ ತಟ್ಟಬೇಕು. (ಗಾಬರಿಯಲ್ಲಿ ಹತ್ತು ಸಲ ತಟ್ಟಿದರೆ ಗ್ರಬ್ ಅಂತ ಬರೆದುಕೊಂಡು ಸುಮ್ನೆ ಕೂತುಬಿಡುತ್ತೆ. ಹೆದರಬೇಡಿ, ಆಫ್ ಮಾಡಿ ಮತ್ತೆ ಆನ್ ಮಾಡಿ.) ಒಂದು ಮೆನು ಬರುತ್ತೆ. ಅಲ್ಲಿ ಮೊದಲ ಸಾಲಿನ ಮೇಲೆ ನಿಂತು ಇಂಗ್ಲಿಷಿನ ಇ ಅಕ್ಷರ ಒತ್ತಿದರೆ ಏನೇನೋ ಸಾಲುಗಳು ಕಾಣುತ್ತವೆ. ಲಿನಕ್ಸ್ ಅನ್ನುವ ಪದದಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ಕ್ವಾಯೆಟ್ ಸ್ಪ್ಲ್ಯಾಷ್ ಅಂತ ಇರುತ್ತೆ. ಅದರ ಪಕ್ಕ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ ಅಂತ ಟೈಪ್ ಮಾಡಬೇಕು. ನೋ, ಮೋಡ್, ಸೆಟ್, ಮೂರೂ ಪದ ಸೇರಿಸಿ, ಎಲ್ಲ ಸಣ್ಣ ಅಕ್ಷರ, ನಡುವೆ ಜಾಗ ಬಿಡಬಾರದು. ಆಮೇಲೆ ಎಫ್10. ಅಷ್ಟೇ. ಹೀಗೆ ಮಾಡಿದರೆ ಲಿನಕ್ಸ್ ತನ್ನ ಗ್ರಾಫಿಕ್ಸ್ ಡ್ರೈವರನ್ನು ಎಬ್ಬಿಸಲು ಹೋಗುವುದಿಲ್ಲ, ಮದರ್‌ಬೋರ್ಡ್ ಮೊದಲೇ ಕೊಟ್ಟಿರುವ ಸಾದಾ ಚಿತ್ರದಲ್ಲೇ ಕೆಲಸ ಶುರು ಮಾಡುತ್ತೆ. ಕ್ವಾಯೆಟ್ ಅಂದರೆ ಬಾಯಿ ಮುಚ್ಚಿಕೊಂಡಿರು ಅಂತ ತಾನೇ? ಆ ಎರಡು ಪದ ಅಳಿಸಿದರೆ ಯಂತ್ರ ತಾನು ಏನೇನು ಮಾಡುತ್ತಿದ್ದೇನೆ ಅಂತ ಸಾಲು ಸಾಲಾಗಿ ಹೇಳುತ್ತೆ, ಎಲ್ಲಿ ನಿಂತಿತು ಅಂತ ಕಣ್ಣಿಗೆ ಕಾಣುತ್ತೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಪರದೆ ಬಂತು! ಆದರೆ ಇದು ಔಷಧಿಯಲ್ಲ, ಊರುಗೋಲು. ಚಿತ್ರ ನಿಧಾನ, ವಿಡಿಯೋ ತಡವರಿಸುತ್ತೆ, ಪರದೆಯ ಅಳತೆ ಬದಲಿಸೋಕೆ ಆಗಲ್ಲ. ಅದೂ ಆ ಒಂದು ಸಲಕ್ಕೆ ಮಾತ್ರ. ಎರಡು ವಾರ ದಿನಾ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಆಮೇಲೆ ನೋಮೋಡ್‌ಸೆಟ್ ಟೈಪ್ ಮಾಡುವುದು ನನ್ನ ನಿತ್ಯಪೂಜೆ ಆಗಿತ್ತು. ಇದನ್ನೇ ಕಾಯಂ ಮಾಡಿಕೊಳ್ಳಿ ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕೇಳಬೇಡಿ. ಕಾಲು ಸರಿಮಾಡಿಕೊಳ್ಳದೆ ಊರುಗೋಲಿಗೆ ಬಣ್ಣ ಹಚ್ಚಿದ ಹಾಗೆ ಅದು.

ನಿಜವಾದ ಕಾರಣ ಏನು ಅಂದರೆ, ಆ ಯಂತ್ರದಲ್ಲಿ ಹಿಂದೆ ಯಾರೋ ಹಾಕಿಸಿದ್ದ ಬೇರೆ ಗ್ರಾಫಿಕ್ಸ್ ಕಾರ್ಡ್ ಇತ್ತು. ಇಂಟೆಲ್ ಚಿಪ್ಪಿನ ಜೊತೆಗೇ ಬರುವ ಗ್ರಾಫಿಕ್ಸಿನ ಡ್ರೈವರ್ ಲಿನಕ್ಸಿನ ಒಳಗೇ ಇರುತ್ತೆ, ಹುಡುಕುವ ಕೆಲಸ ಇಲ್ಲ, ಎಎಮ್‌ಡಿಯದೂ ಹೆಚ್ಚುಕಡಿಮೆ ಹಾಗೇ. ಕೆಲವು ಕಾರ್ಡುಗಳ ಕಥೆ ಬೇರೆ. ಕಂಪನಿ ತನ್ನದೇ ಮುಚ್ಚಿದ ಡ್ರೈವರ್ ಕೊಡುತ್ತೆ, ಕಾರ್ಡ್ ಹಳೆಯದಾದ ಮೇಲೆ ಅದನ್ನೂ ನಿಲ್ಲಿಸುತ್ತೆ, ಆಮೇಲೆ ಹೊಸ ಕರ್ನಲ್‌ಗೆ, ಅಂದರೆ ಲಿನಕ್ಸಿನ ತಿರುಳಿಗೆ, ಆ ಹಳೇ ಡ್ರೈವರ್ ಕೂಡುವುದಿಲ್ಲ. ಒಳಗುಟ್ಟು ಕೊಡದ ಕಾರ್ಡಿಗೆ ಸ್ವಯಂಸೇವಕರು ಹೊರಗಿನಿಂದಲೇ ಅದರ ನಡವಳಿಕೆ ನೋಡಿ ನೋಡಿ ಡ್ರೈವರ್ ಬರೆಯುತ್ತಾರೆ, ಕೈಮುಗಿಯಬೇಕು ಅವರಿಗೆ, ಆದರೂ ಎಲ್ಲ ಕಾರ್ಡಿಗೂ ಒಂದೇ ಥರ ಕೂರುವುದಿಲ್ಲ. ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ಅಂತ ಇದೆ, ಅದರಲ್ಲಿ ಹುಡುಕಿದರೆ ನಮ್ಮ ಕಾರ್ಡಿಗೆ ಏನೂ ಸಿಗಲಿಲ್ಲ. ಕೊನೆಗೆ ಅಳಿಯ ಹೇಳಿದ, "ಕಿತ್ತಾಕು ಮಾವ ಅದನ್ನ. ಲಗ್ನಪತ್ರಿಕೆ ಮಾಡೋಕೆ ಅಷ್ಟು ದೊಡ್ಡ ಕಾರ್ಡ್ ಯಾಕೆ?" ಕಿತ್ತೆ. ಮದರ್‌ಬೋರ್ಡಿನ ಸ್ವಂತ ವಿಜಿಎ ಕಿಂಡಿಗೆ ಮಾನಿಟರ್ ಸಿಕ್ಕಿಸಿದೆ. ಪೂಜೆ ಇಲ್ಲದೆ ಪರದೆ ಬಂತು.

ಇನ್ನು ಕೇಬಲ್ ವಿಷಯ. ಕಾರ್ಡಿಗೆ ಇದ್ದದ್ದು ಎಚ್‌ಡಿಎಂಐ ಕೇಬಲ್. ಬೋರ್ಡಿನಲ್ಲಿ ವಿಜಿಎ ಬಿಟ್ಟು ಬೇರೆ ಇಲ್ಲ. ಅಟ್ಟದ ಮೇಲಿನ ಡಬ್ಬದಿಂದ ಹಳೇ ನೀಲಿ ತುದಿಯ ವಿಜಿಎ ಕೇಬಲ್ ತೆಗೆದು ಹಾಕಿದ್ದೆ. ಚಿತ್ರ ಬಂತು ನಿಜ, ಆದರೆ ಎಲ್ಲವೂ ಅಡ್ಡಡ್ಡ ಊದಿಕೊಂಡಿತ್ತು. ನನ್ನ ಮಾನಿಟರ್ ಪಿಕ್ಸೆಲ್ ಲೆಕ್ಕದಲ್ಲಿ 1600 ಅಡ್ಡ, 900 ಉದ್ದದ್ದು. ಸೆಟ್ಟಿಂಗ್ಸ್‌ನಲ್ಲಿ 1024, 768ಕ್ಕಿಂತ ಮೇಲೆ ಯಾವ ಅಳತೆಯೂ ಇಲ್ಲ. ಲಗ್ನಪತ್ರಿಕೆಯ ಮೇಲಿನ ಗಣಪತಿ ಮೊದಲೇ ದಪ್ಪ, ಈಗ ಇನ್ನೂ ದಪ್ಪ. ಗಿರಾಕಿ ಒಬ್ಬರು ಪ್ರೂಫ್ ನೋಡಿ, ಹುಡುಗನ ಹೆಸರು ಸಣ್ಣ ಮಾಡಿ, ಜಾಗ ಜಾಸ್ತಿ ತಿಂತಾ ಇದೆ ಅಂದರು. ಪ್ರಿಂಟ್ ತೆಗೆದು ತೋರಿಸಿ ಸಮಾಧಾನ ಮಾಡಬೇಕಾಯಿತು.

ಮತ್ತೆ ಅದೇ ರಿಪೇರಿಯವರನ್ನು ಕೇಳಿದರೆ, ಈ ಮಾನಿಟರ್‌ಗೆ ಲಿನಕ್ಸ್ ಸಪೋರ್ಟ್ ಮಾಡಲ್ಲ ಅಂದರು. ಮಾನಿಟರ್‌ಗೆ ಲಿನಕ್ಸ್ ಏನು ಗೊತ್ತು ಹೇಳಿ! ನಾನು ಮೂರು ರಾತ್ರಿ ಕೂತು ಎಕ್ಸ್‌ರಾಂಡರ್ ಅನ್ನುವ ಕಮಾಂಡ್ ಕಲಿತೆ. ಪರದೆಯ ಅಳತೆಯ ಲೆಕ್ಕ ತೆಗೆದು, ಹೊಸ ಮೋಡ್ ಮಾಡಿ, ಅದನ್ನು ವಿಜಿಎ ಕಿಂಡಿಗೆ ಸೇರಿಸಿ, ಅದನ್ನೇ ಬಳಸು ಅಂತ ಹೇಳುವುದು. ಆಯಿತು ಕೂಡ. ಗಣಪತಿ ಮೊದಲಿನ ಹಾಗಾದ. ರೀಸ್ಟಾರ್ಟ್ ಮಾಡಿದರೆ ಮತ್ತೆ ಊದಿಕೊಂಡ. ಅದನ್ನು ಕಾಯಂ ಮಾಡೋಕೆ ಇನ್ನೊಂದು ಫೈಲ್ ಬರೆಯಬೇಕು ಅಂತ ಓದಿ, ಬರೆದು, ಒಂದು ಚುಕ್ಕಿ ತಪ್ಪಿಸಿ, ಅದು ಬೇರೆ ಕಥೆ.

ಅಳಿಯ ಯುಗಾದಿಗೆ ಊರಿಗೆ ಬಂದವನು ಅಂಗಡಿಗೆ ಬಂದು, ನನ್ನ ಮೂರು ರಾತ್ರಿಯ ಸಾಹಸವನ್ನೆಲ್ಲ ಕೇಳಿಸಿಕೊಂಡು, ಒಂದು ಮಾತೂ ಆಡದೆ ಕೇಬಲ್ ಬಿಚ್ಚಿ ತುದಿಯನ್ನು ಬೆಳಕಿಗೆ ಹಿಡಿದ. ವಿಜಿಎ ತುದಿಯಲ್ಲಿ 15 ಸೂಜಿಗಳ ಜಾಗ, ಐದೈದರಂತೆ ಮೂರು ಸಾಲು. ಮೂರನೇ ಸಾಲಿನ ಎರಡನೆಯದು 12ನೇ ಪಿನ್, ಅದೇ ಸಾಲಿನ ಕೊನೆಯದು 15. ಈ ಎರಡರ ಮೂಲಕ ಮಾನಿಟರ್ ತನ್ನ ಜಾತಕವನ್ನು ಕಂಪ್ಯೂಟರಿಗೆ ಓದಿ ಹೇಳುತ್ತೆ. ಇಡಿಐಡಿ ಅಂತ ಅದರ ಹೆಸರು, ಮೂಲದಲ್ಲಿ ಬರೀ 128 ಬೈಟ್. ನಾನು ಇಂಥ ಕಂಪನಿಯವನು, ನನ್ನ ಅಳತೆ ಇಷ್ಟು, ಸೆಕೆಂಡಿಗೆ ಇಷ್ಟು ಸಲ ಚಿತ್ರ ಬದಲಿಸಬಲ್ಲೆ, ಇಷ್ಟೇ ಅದರಲ್ಲಿ ಇರುವುದು. ನನ್ನ ಕೇಬಲ್ಲಿನ 12ನೇ ಸೂಜಿ ಬಗ್ಗಿ ಒಳಗೆ ಮಲಗಿಬಿಟ್ಟಿತ್ತು. ಜಾತಕ ಸಿಗಲಿಲ್ಲ, ಕಂಪ್ಯೂಟರ್ ಏನು ಮಾಡಬೇಕು ಪಾಪ, ಯಾವ ಮಾನಿಟರ್‌ಗಾದರೂ ಆಗುವಂಥ ಸಾದಾ ಅಳತೆ ಕೊಟ್ಟು ಸುಮ್ಮನಾಯಿತು. ಹೊಸ ಕೇಬಲ್ 150 ರೂಪಾಯಿ. ಹಾಕಿದ ತಕ್ಷಣ 1600, 900 ತಾನಾಗೇ ಬಂತು, ನಾನು ಒಂದು ಅಕ್ಷರ ಟೈಪ್ ಮಾಡಲಿಲ್ಲ.

ಒಂದು ಎಚ್ಚರಿಕೆ. ಎರಡನೇ ಸಾಲಿನಲ್ಲಿ 9ನೇ ಸೂಜಿ ಎಷ್ಟೋ ಕೇಬಲ್‌ಗಳಲ್ಲಿ ಇರುವುದೇ ಇಲ್ಲ, ಅದು ಹುಟ್ಟಿನಿಂದಲೇ ಹಾಗೆ, ಮುರಿದಿರುವುದಲ್ಲ. ಇನ್ನು ತೀರಾ ಅಗ್ಗದ ಕೇಬಲ್‌ಗಳಲ್ಲಿ ಹೊರಗೆ ಸೂಜಿ ಸರಿಯಾಗಿದ್ದರೂ ಒಳಗೆ ಆ ಎರಡು ತಂತಿ ಎಳೆದೇ ಇರುವುದಿಲ್ಲ. ಹಾಗಾಗಿ ಪರದೆಯ ಅಳತೆ ಕಡಿಮೆ ಕಂಡರೆ ಮೊದಲು ಬೇರೆ ಕೇಬಲ್ ಹಾಕಿ ನೋಡಿ, ಕಮಾಂಡ್ ಆಮೇಲೆ ಕಲಿಯಿರಿ. ನಾನು ತಲೆಕೆಳಗು ಮಾಡಿದೆ.

ಎರಡನೇ ಕಂಪ್ಯೂಟರ್ ಆರು ತಿಂಗಳು ಚೆನ್ನಾಗಿ ನಡೆದು, ಒಂದು ಸಂಜೆ ಅಪ್‌ಡೇಟ್ ಆಗುತ್ತಿದ್ದಾಗ ಗಾಳಿ ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಯಾವಾಗಲೋ ಸತ್ತಿದ್ದರಿಂದ ದೊಪ್ಪನೆ ಆಫ್ ಆಯಿತು. ಮಾರನೇ ದಿನ ಕಪ್ಪು. ಈ ಸಲ ನಾನು ಯಾರಿಗೂ ಫೋನ್ ಮಾಡಲಿಲ್ಲ. ಅದೇ ಶಿಫ್ಟ್ ಮೆನುವಿನಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ಅಂತ ಇದೆ, ಅದರೊಳಗೆ ಹಿಂದಿನ ಕರ್ನಲ್ ಹಾಗೇ ಇಟ್ಟಿರುತ್ತಾರೆ. ಅದನ್ನು ಆರಿಸಿದೆ, ಎದ್ದು ಕೂತಿತು. ಆಮೇಲೆ ರಿಕವರಿ ಮೋಡ್‌ಗೆ ಹೋಗಿ, ಡಿಪಿಕೆಜಿ ಅನ್ನುವ ಸಾಲು ಒತ್ತಿದರೆ ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ತಾನೇ ಸರಿಮಾಡಿಕೊಳ್ಳುತ್ತೆ. ಹಿಂದಿನದಕ್ಕೆ ವಾಪಸ್ ಹೋಗುವ ದಾರಿಯನ್ನು ಇಷ್ಟು ಸುಲಭವಾಗಿ ಬಾಗಿಲಲ್ಲೇ ಇಟ್ಟಿದ್ದಾರೆ, ಆದರೆ ಆ ಮೆನುವನ್ನು ಮಾತ್ರ ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟಿದ್ದಾರೆ. ಇದು ನನಗೆ ಇವತ್ತಿಗೂ ಸರಿ ಕಾಣಲ್ಲ. ಹೊಸಬರಿಗೆ ಚೆಂದ ಕಾಣಲಿ ಅಂತ ಮಾಡಿದ್ದಾರಂತೆ. ಹೊಸಬರಿಗೇ ಅಲ್ವಾ ಅದು ಜಾಸ್ತಿ ಬೇಕಾಗಿರೋದು?

ಕನ್ನಡದ ಅಕ್ಷರದ ವಿಷಯ ಹೇಳದೆ ಇರೋಕೆ ಆಗಲ್ಲ, ನಮ್ಮ ಹೊಟ್ಟೆಪಾಡು ಅದೇ. ಹಳೇ ನುಡಿ, ಬರಹ ಫಾಂಟಿನ ಫೈಲ್ ತೆಗೆದರೆ ಲಿನಕ್ಸಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಚಿತ್ರಾನ್ನ ಕಾಣುತ್ತೆ. ಜನ ಇದನ್ನೂ ಪರದೆಯ ದೋಷ ಅಂದುಕೊಳ್ಳುತ್ತಾರೆ. ಅಲ್ಲ. ಆ ಕಾಲದ ಫೈಲುಗಳ ಒಳಗೆ ಇರುವುದೇ ಇಂಗ್ಲಿಷ್ ಅಕ್ಷರಗಳ ಸಂಖ್ಯೆ, ಫಾಂಟು ಅದರ ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿತ್ತು. ಫಾಂಟ್ ಇಲ್ಲದಿದ್ದರೆ ಒಳಗಿನ ಮುಖ ಕಾಣುತ್ತೆ, ಅಷ್ಟೇ. ಕನ್ನಡ ಅಕ್ಷರಕ್ಕೆ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಪರಿವರ್ತನೆ ಮಾಡಿಕೊಂಡರೆ ಮುಗಿಯಿತು. ಕನ್ನಡ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಇದೆ, ಲಿನಕ್ಸ್ ಹುಟ್ಟಿದ್ದೂ ಅದೇ 1991ರಲ್ಲಿ. ಆದರೂ ನಮ್ಮ ಊರಿನ ಅರ್ಧ ಲಗ್ನಪತ್ರಿಕೆ ಇನ್ನೂ ಮುಖವಾಡದಲ್ಲೇ ಇದೆ ಅನ್ನುವುದು ನಾಚಿಕೆ, ನನ್ನದೂ ಸೇರಿ. ಹಳೇ ಗಿರಾಕಿಗಳ ಫೈಲ್ ತೆಗೆಯೋಕೆ ಮೂರನೇ ಕಂಪ್ಯೂಟರನ್ನು ವಿಂಡೋಸಿನಲ್ಲೇ ಬಿಟ್ಟು, ಇಂಟರ್ನೆಟ್ ತಂತಿ ಕಿತ್ತು, ಮೂಲೆಗೆ ಕೂರಿಸಿದ್ದೇನೆ. ಸುಳ್ಳು ಯಾಕೆ ಹೇಳಲಿ.

ಯೂನಿಕೋಡ್ ಕನ್ನಡವೇ ಚೌಕ ಚೌಕವಾಗಿ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ಲೋಹಿತ್, ನೋಟೋ ಇವೆ, ಗುಬ್ಬಿ, ನವಿಲು ಅಂತ ಎರಡಿವೆ, ಎಲ್ಲ ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಪುಕ್ಕಟೆ ಸಿಗುತ್ತವೆ. ಒತ್ತಕ್ಷರ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಮುರಿದು ಬಿದ್ದ ಹಾಗೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಅಕ್ಷರ ಜೋಡಿಸುವ ಕೆಲಸ ಎಷ್ಟೋ ಟರ್ಮಿನಲ್‌ಗಳಿಗೆ ಬರುವುದಿಲ್ಲ, ಫೈಲ್ ಸರಿಯಾಗೇ ಇರುತ್ತೆ. ಲಿಬ್ರೆಆಫೀಸಿನಲ್ಲಿ ತೆಗೆದರೆ ಲಕ್ಷ್ಮಿ ಲಕ್ಷ್ಮಿಯಾಗೇ ಕಾಣುತ್ತಾಳೆ.

ಸಣ್ಣಪುಟ್ಟವು ಇನ್ನೆರಡು. ಮೇಷ್ಟ್ರು ಒಬ್ಬರು ಶಾಲೆಯ ಟಿವಿಯನ್ನೇ ಮಾನಿಟರ್ ಮಾಡಿಕೊಂಡು, ಕೆಳಗಿನ ಪಟ್ಟಿಯೇ ಕಾಣಲ್ಲ ಅಂತ ಲಿನಕ್ಸನ್ನು ಬೈಯುತ್ತಿದ್ದರು. ಅದು ಟಿವಿ ತಾನೇ ಅಂಚು ಕತ್ತರಿಸುವುದು. ಟಿವಿ ರಿಮೋಟಿನಲ್ಲಿ ಚಿತ್ರದ ಅಳತೆಗೆ ಹೋಗಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಅಂತ ಇದ್ದರೆ ಅದನ್ನು ಹಾಕಿ. ಮಗಳ ಲ್ಯಾಪ್‌ಟಾಪಿನಲ್ಲಿ ಸೆಕ್ಯೂರ್ ಬೂಟ್, ಅಂದರೆ ಒಪ್ಪಿಗೆ ಇಲ್ಲದ್ದನ್ನು ಒಳಗೆ ಬಿಡದ ಕಾವಲು, ಆನ್ ಇತ್ತು. ಗ್ರಾಫಿಕ್ಸ್ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿತು, ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂತು. ಅದು ಹತ್ತು ಸೆಕೆಂಡ್ ಕಾದು ಹೊರಟುಹೋಗುತ್ತೆ, ಅಷ್ಟರಲ್ಲಿ ಕೀ ಒತ್ತಿ ಅದೇ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ಹೇಳಬೇಕು. ನಾವು ಕಾಫಿ ಕುಡಿಯುತ್ತಿದ್ದೆವು. ಒಪ್ಪಿಗೆ ಸಿಗದ ಡ್ರೈವರ್ ಒಳಗೆ ಬರುವುದಿಲ್ಲ. ಮತ್ತೆ ಹಾಕಿದಾಗ ಕಣ್ಣು ಮಿಟುಕಿಸದೆ ಕೂತಿದ್ದೆವು.

ಲಿನಕ್ಸಿನದೂ ತಪ್ಪಿದೆ. ಇಷ್ಟೆಲ್ಲ ಸಹಾಯ ಇರುವುದು ಇಂಗ್ಲಿಷಿನಲ್ಲಿ, ಅದರಲ್ಲೂ ಅರ್ಧ ಹತ್ತು ವರ್ಷ ಹಿಂದಿನದು. ಯಾರೋ ಯಾವುದೋ ಯಂತ್ರಕ್ಕೆ ಬರೆದ ಕಮಾಂಡನ್ನು ಅರ್ಥವಾಗದೆ ಅಂಟಿಸಿ, ಇದ್ದ ಪರದೆಯನ್ನೂ ಕಳೆದುಕೊಂಡವರು ನನ್ನ ಅಂಗಡಿಗೆ ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಏನಾಯಿತು ಅಂದರೆ "ಬತ್ತಾ ಇಲ್ಲ ಕಣಣ್ಣ" ಅಂತಾರೆ. ಯಾವಾಗಿನಿಂದ, ಅದಕ್ಕೆ ಮುಂಚೆ ಏನು ಮಾಡಿದ್ರಿ, ಪರದೆ ಮೇಲೆ ಏನು ಬರೆದಿತ್ತು ಅಂದರೆ ಗೊತ್ತಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ವಾರಕ್ಕೊಂದು ಸಲ ಅಡುಗೆಗೆ, ಭವಿಷ್ಯಕ್ಕೆ ಜಾಗ ಕೊಡುತ್ತೀರಿ, ಇಂಥದ್ದಕ್ಕೂ ಕಾಲು ಕಾಲಂ ಕೊಡಿ. ಒಂದು ವಾರಕ್ಕೆ ಒಂದೇ ತೊಂದರೆ, ಅದನ್ನು ಕನ್ನಡದಲ್ಲಿ, ಯಾವ ಕೀ ಒತ್ತಬೇಕು ಅನ್ನುವ ಮಟ್ಟದಲ್ಲಿ. ಬರೆಯುವವರು ಸಿಗದಿದ್ದರೆ ಮೈಸೂರು, ಮಂಡ್ಯದ ಕಾಲೇಜು ಹುಡುಗರನ್ನು ಕೇಳಿ. ನಮ್ಮ ಅಳಿಯನಂಥವರು ಹಾಸ್ಟೆಲಿಗೊಬ್ಬ ಇರ್ತಾನೆ, ಬೆಳಗಿನ ಜಾವ ಎರಡು ಗಂಟೆಗೆ ಫೋನ್ ಮಾಡಿದರೂ ಎದ್ದಿರ್ತಾನೆ.

ಅಲ್ಲಿವರೆಗೆ ಭಾನುವಾರ ಮಧ್ಯಾಹ್ನ ನನ್ನ ಅಂಗಡಿ ಅರ್ಧ ಬಾಗಿಲು ತೆಗೆದಿರುತ್ತೆ, ವಿಳಾಸ ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ, ಕೇಳಿದವರಿಗೆ ಕೊಡಿ. ಬರುವವರು ಸಿಪಿಯು ಜೊತೆ ಮಾನಿಟರ್ ಕೇಬಲ್ಲನ್ನೂ ತನ್ನಿ. ಎಲ್ಲರೂ ಅದೊಂದನ್ನೇ ಮನೆಯಲ್ಲಿ ಬಿಟ್ಟು ಬರ್ತಾರೆ.

ಇಂತಿ,
ಡಿಟಿಪಿ ಅಂಗಡಿಯವನು, ಮಂಡ್ಯ